ನಂಬರ್ 22: ಒಂದು ಚಿಕ್ಕ ಎಂಜಿನ್ 54 ವರ್ಷ ದುಡಿದ ಕಥೆ

'ಫೇರಿ ಕ್ವೀನ್' ಎಂಜಿನ್ನಿನ ಫೋಟೋ ನೋಡಿದವರಿಗೆ ಮೊದಲು ಅನ್ನಿಸುವುದು ಒಂದೇ: ಅಯ್ಯೋ, ಇಷ್ಟೇ ಇಷ್ಟಾ! ಉದ್ದನೆಯ ಚಿಮಣಿ, ನಡುವೆ ಆಳೆತ್ತರದ ಒಂದು ಜೊತೆ ಗಾಲಿ, ಅದರ ಹಿಂದೆ ಮುಂದೆ ಪುಟ್ಟ ಗಾಲಿಗಳು. ನಮ್ಮ ಅಜ್ಜಿಯರ ಬಾಯಲ್ಲಿ ಬರುತ್ತಿದ್ದ 'ಹೊಗೆಬಂಡಿ' ಅನ್ನೋ ಮಾತಿಗೆ ಯಾರೋ ಚಿತ್ರ ಬರೆದ ಹಾಗಿದೆ.

ಇದನ್ನು ಮಾಡಿದ್ದು 1855ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಊರಿನ ಕಿಟ್ಸನ್, ಥಾಂಪ್ಸನ್ ಅಂಡ್ ಹೆವಿಟ್ಸನ್ ಕಾರ್ಖಾನೆಯಲ್ಲಿ. ಕೊಂಡದ್ದು ಕಲ್ಕತ್ತೆಯ ಕಡೆ ಹಳಿ ಹಾಕುತ್ತಿದ್ದ ಈಸ್ಟ್ ಇಂಡಿಯನ್ ರೈಲ್ವೆ ಕಂಪನಿ. ಆಗ ಇದಕ್ಕೆ ಹೆಸರೇನೂ ಇರಲಿಲ್ಲ, ಬರೀ ನಂಬರ್ 22. ಕೆಲಸದಿಂದ ಇಳಿಸಿದ್ದು 1909ರಲ್ಲಿ. ಅಂದರೆ 54 ವರ್ಷದ ಸರ್ವೀಸು. ಈಗಿನ ಸರ್ಕಾರಿ ನೌಕರರಿಗೂ ಅಷ್ಟು ಸಿಗಲ್ಲ.

ಇಲ್ಲೊಂದು ಒಗಟಿದೆ. ಆ ಕಾಲದಲ್ಲಿ ಎಂಜಿನ್ ವಿನ್ಯಾಸ ಬಹಳ ಬೇಗ ಬದಲಾಗುತ್ತಿತ್ತು. ನಂಬರ್ 22 ಬಂದು ಹತ್ತು ಹನ್ನೆರಡು ವರ್ಷ ಆಗುವಷ್ಟರಲ್ಲಿ ಕಂಪನಿಯ ಹಳಿ ದೆಹಲಿ ಮುಟ್ಟಿತ್ತು. ಅಷ್ಟು ದೂರದ, ಅಷ್ಟು ಭಾರದ ಗಾಡಿಗಳನ್ನು ಎಳೆಯುವುದು ಇದರ ಕೈಲಿ ಆಗುವ ಮಾತಲ್ಲ. ಹಾಗಿದ್ದರೂ ಇದು ಗುಜರಿಗೆ ಹೋಗಲಿಲ್ಲ ಯಾಕೆ? ದಾಖಲೆಯಲ್ಲಿರುವ ಸಂಗತಿಗಳನ್ನೂ ಸ್ವಲ್ಪ ಲೆಕ್ಕವನ್ನೂ ಜೊತೆಗಿಟ್ಟು ನೋಡೋಣ. ನನಗೆ ಸಿಕ್ಕ ಉತ್ತರ ಇದು: ಇದು ಚಿಕ್ಕದಾಗಿತ್ತು, ಸಮತಟ್ಟು ನೆಲದಲ್ಲಿತ್ತು, ಮತ್ತು ಸರಿಯಾದ ಹೊತ್ತಿಗೆ ಕೆಳಗಿನ ಕೆಲಸಕ್ಕೆ ಇಳಿಯಿತು.

ದಾರಿ ಹೇಗಿತ್ತು

ಈಸ್ಟ್ ಇಂಡಿಯನ್ ರೈಲ್ವೆ ಹುಟ್ಟಿದ್ದೇ ಕಲ್ಲಿದ್ದಲಿನ ಆಸೆಗೆ ಅಂದರೆ ತಪ್ಪಿಲ್ಲ. ಹೌರಾದಿಂದ 121 ಮೈಲಿ ದೂರದ ರಾಣಿಗಂಜ್‌ನಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಅದನ್ನು ಕಲ್ಕತ್ತೆಗೆ ತರಬೇಕಾದರೆ ದಾಮೋದರ ನದಿಯಲ್ಲಿ ನೀರಿರುವ ಕಾಲಕ್ಕೆ ಕಾದು ದೋಣಿಯಲ್ಲಿ ಸಾಗಿಸಬೇಕಿತ್ತು. 1849ರಲ್ಲಿ ಕಂಪನಿಗೂ ಸರ್ಕಾರಕ್ಕೂ ಕರಾರು ಆಯಿತು. ರೈಲಿಗೆ ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5ರಷ್ಟು ಬಡ್ಡಿ ಗ್ಯಾರಂಟಿ. ಗಾಡಿಯಲ್ಲಿ ಲಾಭ ಬರದಿದ್ದರೆ ಆ ಬಡ್ಡಿ ನಮ್ಮ ಜನ ಕಟ್ಟಿದ ಕಂದಾಯದಿಂದ ಹೋಗುತ್ತಿತ್ತು. ಹಣ ಹಾಕಿದವರು ಲಂಡನ್ನಿನಲ್ಲಿ, ಕಷ್ಟ ನಷ್ಟ ಇಲ್ಲಿ. ಎಂಜಿನ್‌ನಿಂದ ಹಿಡಿದು ಹಳಿಯವರೆಗೆ ಎಲ್ಲ ಹಡಗಿನಲ್ಲೇ ಬರಬೇಕು.

ಆ ಹಡಗಿನ ಕಥೆಗಳೋ, ಕೇಳಿದರೆ ನಗು ಬರುತ್ತದೆ. ಮೊದಲ ಬೋಗಿಗಳನ್ನು ಹೊತ್ತ 'ಗುಡ್‌ವಿನ್' ಹಡಗು ಹೂಗ್ಲಿ ನದಿಯ ಬಾಯಿಗೆ ಬಂದು ಮುಳುಗಿತು. ಮೊದಲ ಎಂಜಿನ್ ಹೊತ್ತ ಹಡಗು ದಾರಿ ತಪ್ಪಿದ ವಿಳಾಸಕ್ಕೆ, ಆಸ್ಟ್ರೇಲಿಯಾಕ್ಕೆ, ಹೋಗಿ ಆಮೇಲೆ ಕಲ್ಕತ್ತೆಗೆ ಬಂತು. ಇದರ ಮೇಲೆ ಚಂದನನಗರ ಫ್ರೆಂಚರ ಊರು, ಅಲ್ಲಿ ಹಳಿ ದಾಟಿಸಲು ಅವರ ಒಪ್ಪಿಗೆ ಬೇಕಿತ್ತು. ಬೋಗಿಗಳನ್ನು ಕೊನೆಗೆ ಕಲ್ಕತ್ತೆಯಲ್ಲೇ ಕಟ್ಟಿಸಿಕೊಂಡರು. ಅಂತೂ 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. 24 ಮೈಲಿ, 91 ನಿಮಿಷ. ಮೊದಲ ದರ್ಜೆಗೆ 3 ರೂಪಾಯಿ, ಮೂರನೇ ದರ್ಜೆಗೆ 7 ಆಣೆ. ಹೌರಾ ಸೇತುವೆ ಇನ್ನೂ ಇರಲಿಲ್ಲ. ಕಲ್ಕತ್ತೆಯ ಜನ ಅರ್ಮೇನಿಯನ್ ಘಾಟ್‌ನಲ್ಲಿ ಟಿಕೆಟ್ ತೆಗೆದುಕೊಂಡು ದೋಣಿ ಹತ್ತಿ ನದಿ ದಾಟಿ ರೈಲು ಹಿಡಿಯಬೇಕಿತ್ತು.

ರಾಣಿಗಂಜ್‌ವರೆಗಿನ ದಾರಿ ತೆರೆದದ್ದು 1855ರ ಫೆಬ್ರವರಿ 3ರಂದು. ಅದೇ ವರ್ಷ ನಂಬರ್ 22 ಬಂತು. ಸೂಯೆಜ್ ಕಾಲುವೆ ಬರಲು ಇನ್ನೂ 14 ವರ್ಷ ಇತ್ತು, ಹಾಗಾಗಿ ಆಫ್ರಿಕಾ ಖಂಡವನ್ನು ಸುತ್ತು ಹಾಕಿಯೇ ಬರಬೇಕು. ಇದಕ್ಕೆ ಸಿಕ್ಕ ಕೆಲಸ ಹೌರಾ ಮತ್ತು ರಾಣಿಗಂಜ್ ನಡುವೆ ಹಗುರವಾದ ಟಪಾಲು ಗಾಡಿ ಎಳೆಯುವುದು.

ಎಂಜಿನ್ನಿನ ಮೈಕಟ್ಟು

ತೂಕ 26 ಟನ್. ಶಕ್ತಿ ಸುಮಾರು 130 ಅಶ್ವಶಕ್ತಿ. ಇವತ್ತು ರಸ್ತೆಯಲ್ಲಿ ಓಡುವ ಎಷ್ಟೋ ಕಾರುಗಳ ಎಂಜಿನ್ ಇಷ್ಟೇ ಶಕ್ತಿಯದು. ವೇಗ ಜಾಸ್ತಿ ಅಂದರೆ ಗಂಟೆಗೆ 40 ಕಿಲೋಮೀಟರ್. ಹಳಿಯ ಅಗಲ ಐದೂವರೆ ಅಡಿ, ಈಗಲೂ ನಮ್ಮ ಬ್ರಾಡ್‌ಗೇಜ್ ಅದೇ.

ಗಾಲಿಗಳ ಜೋಡಣೆ ನೋಡಿ. ಒಟ್ಟು ಆರು ಗಾಲಿ. ಆದರೆ ಉಗಿಯ ಬಲ ಸಿಗುವುದು ನಡುವಿನ ಎರಡಕ್ಕೆ ಮಾತ್ರ. ಅವು ಆರಡಿ ವ್ಯಾಸದವು. ಒಂದು ಸುತ್ತು ಸುತ್ತಿದರೆ ಗಾಡಿ ಐದೂಮುಕ್ಕಾಲು ಮೀಟರ್ ಮುಂದೆ ಹೋಗುತ್ತದೆ. ಪಿಸ್ಟನ್ ನಿಧಾನಕ್ಕೆ ಆಡಿದರೂ ಗಾಡಿ ಬೇಗ ಓಡುತ್ತದೆ, ಸೈಕಲ್ಲಿನಲ್ಲಿ ದೊಡ್ಡ ಗೇರ್ ಹಾಕಿದ ಹಾಗೆ. ಏರಿನಲ್ಲಿ ಅದೇ ಗೇರಿನಲ್ಲಿ ತುಳಿದು ನೋಡಿ, ಕಷ್ಟ ಗೊತ್ತಾಗುತ್ತದೆ.

ಈ ಎಂಜಿನ್ನಿಗೆ ಹಿಂದೆ ನೀರಿನ ಬೇರೆ ಬಂಡಿ ಇಲ್ಲ. ನೀರಿನ ತೊಟ್ಟಿ ಬಾಯ್ಲರಿನ ಕೆಳಗೆ, ಚೌಕಟ್ಟಿನ ನಡುವೆಯೇ ಇದೆ. ಸುಮಾರು 3000 ಲೀಟರ್ ಹಿಡಿಯುತ್ತದೆ. ಅಂದರೆ ಮನೆಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಮೂರು. ಇಷ್ಟರಲ್ಲಿ 121 ಮೈಲಿ ಒಂದೇ ಓಟಕ್ಕೆ ಹೋಗಲು ಆಗಲ್ಲ. ನಡುನಡುವೆ ನಿಲ್ಲಬೇಕು, ನೀರು ಕುಡಿಯಬೇಕು.

ಆ ನೀರು ಬಾಯ್ಲರಿಗೆ ಹೋಗುವುದೂ ಸುಲಭವಲ್ಲ. ಒಳಗೆ ಉಗಿಯ ಒತ್ತಡ ಇರುತ್ತದಲ್ಲ, ಅದನ್ನು ಮೀರಿಸಿ ನೀರು ನೂಕಬೇಕು. ಈ ಕೆಲಸಕ್ಕೆ ಇಂಜೆಕ್ಟರ್ ಎಂಬ ಸಲಕರಣೆ ಬಂದದ್ದು 1858ರಲ್ಲಿ, ಫ್ರಾನ್ಸಿನ ಹೆನ್ರಿ ಗಿಫಾರ್ಡ್ ಅದರ ಪೇಟೆಂಟ್ ಪಡೆದ. ಅದಕ್ಕೂ ಮುಂಚಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಂಪು ಇರುತ್ತಿತ್ತು, ಅದನ್ನು ಆಡಿಸುವುದು ಗಾಡಿಯ ಓಟವೇ. ಗಾಡಿ ನಿಂತರೆ ಪಂಪೂ ನಿಂತಿತು! ಮುಂದಿನ ಗಾಡಿ ತಡವಾಗಿ, ಸ್ಟೇಷನ್ನಿನಲ್ಲೇ ಬಹಳ ಹೊತ್ತು ಕಾಯಬೇಕಾಗಿ ಬಂದರೆ ಬಾಯ್ಲರಿನಲ್ಲಿ ನೀರು ಇಳಿಯುತ್ತಾ ಹೋಗುತ್ತಿತ್ತು. ಆಗ ಬೋಗಿ ಕಳಚಿ, ಬರೀ ಎಂಜಿನ್ನನ್ನು ಸುಮ್ನೆ ಹಿಂದೆ ಮುಂದೆ ಓಡಿಸಿ ನೀರು ತುಂಬಿಸಬೇಕಿತ್ತು. ನೋಡಿದವರಿಗೆ ಡ್ರೈವರ್‌ಗೆ ತಲೆ ಕೆಟ್ಟಿದೆ ಅನ್ನಿಸಿರಬಹುದು, ಅಲ್ವಾ?

ಒಂದು ದಿನದ ದುಡಿಮೆ

ಉಗಿ ಎಂಜಿನ್ ಅಂದರೆ ಕೀಲಿ ತಿರುಗಿಸಿದ ಕೂಡಲೇ ಹೊರಡುವುದಲ್ಲ. ತಣ್ಣಗಿರುವ ಬಾಯ್ಲರ್ ಬಿಸಿಯಾಗಿ ಉಗಿ ಏಳಲು ಗಂಟೆಗಟ್ಟಲೆ ಬೇಕು. ಬೆಳಗಿನ ಗಾಡಿಗೆ ರಾತ್ರಿಯೇ ಒಲೆ ಹಚ್ಚಬೇಕು. ಹಿಂದಿನ ದಿನದ ಬೂದಿ ತೆಗೆಯುವುದು, ಕೊಳವೆಗಳಲ್ಲಿ ಕಟ್ಟಿದ ಮಸಿ ಕೆರೆಯುವುದು, ಕೀಲುಗಳಿಗೆ ಎಣ್ಣೆ ಹಾಕುವುದು. ಈ ಕೆಲಸವೆಲ್ಲ ಖಲಾಸಿಗಳದು. ಡ್ರೈವರ್‌ಗಳು ಇಂಗ್ಲೆಂಡಿನಿಂದ ಕರಾರಿನ ಮೇಲೆ ಬಂದವರು, ಸಂಬಳವೂ ಜಾಸ್ತಿ. ಕಲ್ಲಿದ್ದಲು ಎತ್ತಿ ಹಾಕುವ ಕೈ, ಮಸಿ ಒರೆಸುವ ಕೈ ಈ ನೆಲದವರದು. ಎಂಜಿನ್ ನಡೆಸುವ ಜಾಗಕ್ಕೆ ಭಾರತೀಯರು ಏರಲು ಬಹಳ ವರ್ಷ ಹಿಡಿಯಿತು.

ರಾಣಿಗಂಜ್ ಕಲ್ಲಿದ್ದಲಿನದು ಇನ್ನೊಂದು ತಲೆನೋವು. ಹತ್ತಿರದಲ್ಲೇ ಸಿಗುತ್ತದೆ, ಅಗ್ಗ. ಆದರೆ ಬ್ರಿಟನ್ನಿನ ಒಳ್ಳೆಯ ಕಲ್ಲಿದ್ದಲಿಗೆ ಹೋಲಿಸಿದರೆ ಬೂದಿ ಜಾಸ್ತಿ. ಒಲೆಯ ಸರಳುಗಳ ಮೇಲೆ ಬೂದಿ ಗಟ್ಟಿಯಾದರೆ ಗಾಳಿ ಆಡಲ್ಲ, ಬೆಂಕಿ ಮಂಕಾಗುತ್ತದೆ, ಉಗಿ ಇಳಿಯುತ್ತದೆ. ಫೈರ್‌ಮ್ಯಾನ್ ಸಲಿಕೆ ಬಿಟ್ಟು ಕಬ್ಬಿಣದ ಸಲಾಕೆ ಹಿಡಿದು ಒಲೆ ಕೆದಕಬೇಕು. ಬಂಗಾಳದ ವೈಶಾಖದ ಬಿಸಿಲಿನಲ್ಲಿ, ಎದುರಿಗೆ ಆ ಒಲೆ ಇಟ್ಟುಕೊಂಡು ನಿಂತವರನ್ನು ನೆನೆಸಿಕೊಳ್ಳಿ. ಡ್ರೈವರ್ ನಿಲ್ಲುವ ಜಾಗದ ಪಕ್ಕಗಳು ತೆರೆದೇ ಇವೆ. ಮಳೆ ಬಂದರೆ ನೆನೆಯುವುದೇ.

ಬ್ರೇಕಿನ ವಿಷಯಕ್ಕೆ ಬಂದರೆ ಇವತ್ತಿನವರಿಗೆ ಎದೆ ಝಲ್ಲೆನ್ನುತ್ತದೆ. ಇಡೀ ಗಾಡಿಗೆ ಒಟ್ಟಿಗೆ ಹಿಡಿಯುವ ಬ್ರೇಕ್ ಆಗ ಇರಲಿಲ್ಲ. ಡ್ರೈವರ್ ಉಗಿ ನಿಲ್ಲಿಸಿ ಸೀಟಿ ಊದುತ್ತಿದ್ದ. ಅದನ್ನು ಕೇಳಿ ಹಿಂದಿನ ಬಂಡಿಯಲ್ಲಿದ್ದ ಗಾರ್ಡ್ ಕೈಯಿಂದ ಚಕ್ರ ತಿರುಗಿಸಿ ಬ್ರೇಕ್ ಬಿಗಿಮಾಡುತ್ತಿದ್ದ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಎಮ್ಮೆ ಅಡ್ಡ ಬಂದರೆ ಗತಿ ಏನು, ನೀವೇ ಯೋಚಿಸಿ.

1857

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಈ 121 ಮೈಲಿ ಹಳಿಯ ಬೆಲೆ ಒಮ್ಮೆಲೇ ಏರಿತು. ಕಲ್ಕತ್ತೆಗೆ ಹಡಗಿನಲ್ಲಿ ಬಂದಿಳಿದ ಪಡೆಗಳನ್ನು ಉತ್ತರಕ್ಕೆ ಬೇಗ ಕಳಿಸಬೇಕಿತ್ತು. ನಡೆದು ಹೋದರೆ ರಾಣಿಗಂಜ್‌ಗೆ ಹತ್ತು ಹನ್ನೆರಡು ದಿನದ ದಾರಿ. ರೈಲಿನಲ್ಲಿ ಒಂದೇ ದಿನ. ಅಲ್ಲಿಂದ ಮುಂದೆ ಹಳಿಯಿಲ್ಲ, ಮತ್ತೆ ಎತ್ತಿನ ಗಾಡಿ, ಗ್ರ್ಯಾಂಡ್ ಟ್ರಂಕ್ ರೋಡು. ನಂಬರ್ 22 ಕೂಡ ಆ ದಿನಗಳಲ್ಲಿ ಸೈನಿಕರ ಗಾಡಿ ಎಳೆಯಿತು.

ಆಗಿನ ಒಂದು ಪ್ರಸಂಗ ಪ್ರಸಿದ್ಧ. ಮದ್ರಾಸಿನಿಂದ ಬಂದ ಕರ್ನಲ್ ನೀಲ್ ತನ್ನ ಪಡೆಯೊಂದಿಗೆ ಹೊರಟಿದ್ದ. ಹೌರಾದಲ್ಲಿ ಗಾಡಿ ಹೊರಡುವ ಹೊತ್ತಾಯಿತು, ಅವನ ಸೈನಿಕರು ಇನ್ನೂ ಪೂರ್ತಿ ಬಂದಿರಲಿಲ್ಲ. ರೈಲಿನವರು ಕಾಯಲ್ಲ ಎಂದರು. ನೀಲ್ ಸ್ಟೇಷನ್ ಮಾಸ್ಟರನ್ನೂ ಎಂಜಿನ್ ಡ್ರೈವರನ್ನೂ ಫೈರ್‌ಮ್ಯಾನನ್ನೂ ಹಿಡಿದು ಕಾವಲಿನಲ್ಲಿ ಇಟ್ಟ. ಎಲ್ಲರೂ ಹತ್ತಿದ ಮೇಲೆಯೇ ಗಾಡಿ ಬಿಟ್ಟದ್ದು. ಬ್ರಿಟಿಷ್ ಬರಹಗಾರರು ಇದನ್ನು ಶೌರ್ಯ ಅಂತ ಕೊಂಡಾಡಿದರು. ನನಗೆ ಕಾಣುವುದು ಬೇರೆ: ರೈಲಿನವರಿಗೆ ಎರಡೇ ವರ್ಷದಲ್ಲಿ ವೇಳಾಪಟ್ಟಿ ಎಷ್ಟು ಗಟ್ಟಿಯಾಗಿ ಮೈಗೂಡಿತ್ತು ನೋಡಿ. ದಂಗೆಯ ನಡುವೆಯೂ ಹೊರಡುವ ಹೊತ್ತು ಮೀರಬಾರದು! ಇದೇ ನೀಲ್ ಮುಂದೆ ಅಲಹಾಬಾದಿನಲ್ಲಿ ಮಾಡಿದ ಕ್ರೌರ್ಯಕ್ಕೆ ಜನ ಅವನನ್ನು ಮರೆಯಲಿಲ್ಲ. ಮದ್ರಾಸಿನ ಮೌಂಟ್ ರೋಡಿನಲ್ಲಿದ್ದ ಅವನ ಪ್ರತಿಮೆಯನ್ನು ಹೋರಾಟದ ಕೊನೆಗೆ 1937ರಲ್ಲಿ ತೆಗೆದು ಮ್ಯೂಸಿಯಂಗೆ ಸಾಗಿಸಬೇಕಾಯಿತು.

ಲೆಕ್ಕ ಹಾಕಿ ನೋಡಿದರೆ

ಈಗ ಒಗಟಿಗೆ ಬರೋಣ. ಗಾಲಿ ಜಾರದೆ ಹಳಿಯನ್ನು ಹಿಡಿಯುವುದು ಅದರ ಮೇಲಿರುವ ಭಾರದಿಂದ. 26 ಟನ್ನಿನಲ್ಲಿ ದೊಡ್ಡ ಗಾಲಿಗಳ ಮೇಲೆ 10 ಟನ್ ಕೂತಿದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಳಿ ಒಣಗಿದ್ದರೆ ಅದರ ನಾಲ್ಕನೇ ಒಂದು ಭಾಗದಷ್ಟು, ಅಂದರೆ ಎರಡೂವರೆ ಟನ್ ಬಲದಿಂದ ಎಳೆದರೂ ಗಾಲಿ ಜಾರುವುದಿಲ್ಲ. ಮಳೆ, ಜಿಡ್ಡು ಸೇರಿದರೆ ಅದು ಹತ್ತನೇ ಒಂದಕ್ಕೆ, ಒಂದು ಟನ್ನಿಗೆ ಇಳಿಯುತ್ತದೆ.

ಸಮತಟ್ಟು ಹಳಿಯ ಮೇಲೆ ಒಂದು ಟನ್ ಭಾರದ ಬಂಡಿಯನ್ನು ನಿಧಾನಕ್ಕೆ ಎಳೆಯಲು ಸುಮಾರು 5 ಕಿಲೋ ಬಲ ಸಾಕು. ಒಂದು ಟನ್ ಬಲ ಇದ್ದರೆ 200 ಟನ್ ಗಾಡಿ ಚಲಿಸುತ್ತದೆ. ನೂರಕ್ಕೆ ಒಂದರ ಏರು ಬಂತು ಅನ್ನಿ, ಪ್ರತಿ ಟನ್ನಿಗೆ ಇನ್ನೂ 10 ಕಿಲೋ ಸೇರಿಕೊಳ್ಳುತ್ತದೆ. 200 ಟನ್ ಇದ್ದದ್ದು 66ಕ್ಕೆ ಇಳಿಯಿತು. ನಮ್ಮ ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ಘಾಟಿಯಲ್ಲಿ ಐವತ್ತಕ್ಕೆ ಒಂದರ ಏರು. ಅಲ್ಲಿ ಈ ಎಂಜಿನ್ ಮಳೆಗಾಲದಲ್ಲಿ ಎಳೆಯಬಲ್ಲದ್ದು 40 ಟನ್. ಅದರಲ್ಲಿ 26 ಟನ್ ತನ್ನ ಮೈಭಾರವೇ! ಉಳಿದದ್ದು 14 ಟನ್, ಒಂದೆರಡು ಸಣ್ಣ ಬಂಡಿ. ಮುಂಬೈ, ಪುಣೆ ನಡುವಿನ ಭೋರ್ ಘಾಟ್‌ನಲ್ಲಿ 37ಕ್ಕೆ ಒಂದರ ಏರು ಇದೆ. ಅಲ್ಲಿ ಮಿಗುವುದು 5 ಟನ್. ಅಂದರೆ ಅಲ್ಲಿಗೆ ಕಳಿಸಿದ್ದರೆ ನಂಬರ್ 22 ತನ್ನನ್ನು ತಾನು ಹೊತ್ತುಕೊಂಡು ಹೋಗುವುದೇ ಹೆಚ್ಚು.

ಹೂಗ್ಲಿ ಬಯಲಿನಲ್ಲಿ ಅಂಥ ಕಷ್ಟ ಕಡಿಮೆ. ಭತ್ತದ ಗದ್ದೆಗಳ ನಡುವೆ ಹಳಿ ಚಪ್ಪಟೆಯಾಗಿ ಮಲಗಿದೆ. ಟಪಾಲು ಗಾಡಿ ಹಗುರ. ಎಂಜಿನ್ ತನ್ನ ಶಕ್ತಿಯ ಕೊನೆಯ ತುದಿಯಲ್ಲಿ ದಿನಾ ಒದ್ದಾಡಬೇಕಿರಲಿಲ್ಲ. ಯಂತ್ರಗಳು ಬೇಗ ಸಾಯುವುದು ಆ ತುದಿಯಲ್ಲೇ.

ಆದರೆ ಬರೀ ಚಿಕ್ಕದಾಗಿದ್ದರೆ ಸಾಲದು. ರೂರ್ಕಿಯ 'ಥಾಮಸನ್' ಎಂಬ ಎಂಜಿನ್ ಇದಕ್ಕೆ ಸಾಕ್ಷಿ. ಮುಂಬೈ, ಠಾಣೆ ರೈಲು ಓಡುವ ಮುಂಚೆಯೇ, 1851ರ ಡಿಸೆಂಬರ್ 22ರಂದು, ಗಂಗಾ ಕಾಲುವೆಯ ಸೋಲಾನಿ ಮೇಲ್ಗಾಲುವೆ ಕಟ್ಟುವಾಗ ಮಣ್ಣು ಸಾಗಿಸಲು ಅದನ್ನು ಹೂಡಿದರು. ಅದೂ ಲೀಡ್ಸ್ ಊರಿನದೇ, ಇ.ಬಿ. ವಿಲ್ಸನ್ ಕಾರ್ಖಾನೆಯದು. ಕೆಲವೇ ತಿಂಗಳಲ್ಲಿ ಬಾಯ್ಲರ್ ಸಿಡಿದು ಅದರ ಕಥೆ ಮುಗಿಯಿತು. ಒಂಟಿ ಎಂಜಿನ್, ಹಿಂದೆ ಮುಂದೆ ರೈಲ್ವೆ ಎಂಬುದೇ ಇಲ್ಲ. ನಂಬರ್ 22ರ ಸುತ್ತ ಒಂದು ಇಡೀ ವ್ಯವಸ್ಥೆ ಇತ್ತು: ಷೆಡ್ಡು, ಕಮ್ಮಾರರು, ಅದೇ ಅಚ್ಚಿನ ಅಕ್ಕತಂಗಿಯರು. ನಂಬರ್ 21 ಅದರ ಒಡಹುಟ್ಟು. 1862ರಲ್ಲಿ ಇದೇ ಕಂಪನಿ ಬಿಹಾರದ ಜಮಾಲ್‌ಪುರದಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಕೆಟ್ಟರೆ ರಿಪೇರಿಗೆ ಲೀಡ್ಸ್ ಕಡೆ ನೋಡಬೇಕಿಲ್ಲ.

ಮೇಲಿಂದ ಕೆಳಗೆ

1866ರ ಹೊತ್ತಿಗೆ ಹಳಿ ದೆಹಲಿಯವರೆಗೆ ಹೋಯಿತು. ದೊಡ್ಡ ಗಾಡಿಗಳಿಗೆ ನಾಲ್ಕು, ಆರು ಗಾಲಿಗಳನ್ನು ದಂಡದಿಂದ ಜೋಡಿಸಿದ ಎಂಜಿನ್‌ಗಳು ಬಂದವು. ಅವುಗಳಲ್ಲಿ ಎಳೆಯುವ ಗಾಲಿ ಜಾಸ್ತಿ, ಹಿಡಿತವೂ ಜಾಸ್ತಿ. ನಂಬರ್ 22ಕ್ಕೆ ಮುಖ್ಯ ದಾರಿಯಲ್ಲಿ ಜಾಗ ಉಳಿಯಲಿಲ್ಲ. ಅದನ್ನು ಬಿಹಾರಕ್ಕೆ, ಹೊಸ ಹಳಿ ಹಾಕುವ ಕೆಲಸಕ್ಕೆ ಕಳಿಸಿದರು. ಟಪಾಲು ಗಾಡಿಯಿಂದ ಜಲ್ಲಿ ಗಾಡಿಗೆ. ಮನೆಯಲ್ಲಿ ಹಬ್ಬಕ್ಕೆ ಉಟ್ಟ ಸೀರೆ ಆಮೇಲೆ ದಿನಕ್ಕಾಗಿ, ಕೊನೆಗೆ ಕೌದಿಗೆ ಸೇರುವ ಹಾಗೆ.

ನಿಜ ಹೇಳಬೇಕೆಂದರೆ ಆ ಕೆಲಸಕ್ಕೆ ಹೇಳಿ ಮಾಡಿಸಿದ ಎಂಜಿನ್ ಇದಲ್ಲ. ಜಲ್ಲಿ ಎಳೆಯಲು ಚಿಕ್ಕ ಗಾಲಿ ಇರುವುದೇ ಒಳ್ಳೆಯದು. ಆದರೂ ಎರಡು ಸಂಗತಿ ಇದರ ಪರವಾಗಿದ್ದವು. ಹೊಸದಾಗಿ ಹಾಕಿದ, ಇನ್ನೂ ಸರಿಯಾಗಿ ಕೂರದ ಹಳಿಯ ಮೇಲೆ ಭಾರೀ ಎಂಜಿನ್ ತರುವುದು ಅಪಾಯ, 26 ಟನ್ನಿನದು ಪರವಾಗಿಲ್ಲ. ಇನ್ನೊಂದು, ಇದರ ದುಡ್ಡು ಎಂದೋ ತೀರಿತ್ತು. ಹೊಸದು ಬೇಕೆಂದರೆ ಮತ್ತೆ ಸಮುದ್ರ ದಾಟಿ ಬರಬೇಕು. ಬಿಹಾರದಲ್ಲಿ ಹಳಿ ಹಾಕುವ ಕೆಲಸಕ್ಕೂ ಬರವಿರಲಿಲ್ಲ. ಗಯಾ ಮೇಲೆ ಹಾದುಹೋಗುವ ಗ್ರ್ಯಾಂಡ್ ಕಾರ್ಡ್ ದಾರಿಯೇ ತೆರೆದದ್ದು 1906ರಲ್ಲಿ.

ಹೆಸರು ಬಂದದ್ದು 1895ರಲ್ಲಿ. ನಲವತ್ತು ವರ್ಷ ಬರೀ ನಂಬರು, ಮುದಿಯಾದ ಮೇಲೆ 'ಫೇರಿ ಕ್ವೀನ್'! ಯಾರಿಗೋ ಇದರ ಮೇಲೆ ಅಕ್ಕರೆ ಹುಟ್ಟಿತ್ತು ಅಂತ ಕಾಣುತ್ತದೆ. ನನ್ನ ಪ್ರಕಾರ ಇದನ್ನು ಗುಜರಿಯಿಂದ ಉಳಿಸಿದ್ದೂ ಆ ಅಕ್ಕರೆಯೇ. 1909ರಲ್ಲಿ ಕೆಲಸ ಬಿಡಿಸಿ ಹೌರಾ ಸ್ಟೇಷನ್ನಿನ ಹೊರಗೆ ಕಟ್ಟೆಯ ಮೇಲೆ ನಿಲ್ಲಿಸಿದರು. 1943ರಲ್ಲಿ ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ ಹೋಯಿತು, ಆಮೇಲೆ ದೆಹಲಿಯ ಮ್ಯೂಸಿಯಂ ಸೇರಿತು.

1997ರಲ್ಲಿ, 88 ವರ್ಷದ ನಂತರ, ಮತ್ತೆ ಒಲೆ ಹಚ್ಚಿದರು. ದೆಹಲಿಯಿಂದ ರಾಜಸ್ಥಾನದ ಆಲ್ವಾರ್‌ಗೆ ಪ್ರವಾಸಿಗಳ ಗಾಡಿ. ಮುಂದಿನ ವರ್ಷ ಗಿನ್ನೆಸ್ ದಾಖಲೆಯಲ್ಲಿ, ನಿಯಮಿತವಾಗಿ ಓಡುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಸೇರಿತು. 2011ರಲ್ಲಿ ಕಳ್ಳರು ಇದರ ಮುಖ್ಯ ಭಾಗಗಳನ್ನೇ ಕಿತ್ತೊಯ್ದರು. ಬಿಡಿಭಾಗ ಕೇಳೋಣವೆಂದರೆ ಕಿಟ್ಸನ್ ಕಂಪನಿ 1938ರಲ್ಲೇ ಬಾಗಿಲು ಹಾಕಿತ್ತು. ಎಂಜಿನ್ನನ್ನು ಚೆನ್ನೈನ ಪೆರಂಬೂರಿಗೆ ತಂದರು. ಅಲ್ಲಿ ಕಾರ್ಖಾನೆ ಶುರುವಾದದ್ದು 1856ರಲ್ಲಿ, ಮದ್ರಾಸ್ ರೈಲ್ವೆಯ ಕಾಲದಲ್ಲಿ. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ಸ್ಟೇಷನ್ನಿಗೆ ಮೊದಲ ರೈಲು ತಂದದ್ದೂ ಅದೇ ಕಂಪನಿ. ಪೆರಂಬೂರಿನವರು ಹಿಂದಿನ ವರ್ಷವಷ್ಟೇ ನಂಬರ್ 21ಕ್ಕೆ ಜೀವ ತುಂಬಿದ್ದರು, ಕೈ ಪಳಗಿತ್ತು. ಇದನ್ನೂ ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿದರು.

ಮತ್ತೆ ಗಾಡಿ ಎಳೆದದ್ದು 2012ರ ಡಿಸೆಂಬರ್ 22ರಂದು. ರೂರ್ಕಿಯಲ್ಲಿ ಥಾಮಸನ್ ಓಡಿದ್ದೂ ಅದೇ ತಾರೀಖು, 161 ವರ್ಷ ಮುಂಚೆ. ಯಾರೂ ಬೇಕೆಂದು ಮಾಡಿದ್ದಿರಲಿಕ್ಕಿಲ್ಲ.